ತೆಕ್ಲಾ ಅತ್ತೆಯ ಕಂದು ಬಣ್ಣದ ಸವತಿ

ವೆರ್ಬಾ ಊರಿನಲ್ಲಿ ಪನಾಸ್ ಮಾಮನ ಬುದ್ಧಿವಾದ ಕೇಳದೆ ಚಳಿಗಾಲ ಕಳೆದವರು ಯಾರೂ ಇಲ್ಲ. ಅವರು ಬಹಳ ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ಸಸ್ಕಾಚೆವಾನಿನ ಬಯಲಿನಲ್ಲಿ ಉಗುಳಿದ್ದು ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಚಳಿಯಲ್ಲೂ ಅವರ ಬಸ್ಸು ಕೈಕೊಟ್ಟದ್ದಿಲ್ಲ. ಆ ಬಸ್ಸಿನಲ್ಲಿ ಮೂಗು ಸುರಿಸುತ್ತ ಕುಳಿತಿದ್ದ ಮಕ್ಕಳೆಲ್ಲ ಈಗ ಹೊಟ್ಟೆ ಬೆಳೆಸಿಕೊಂಡ ಗೃಹಸ್ಥರು. ಆದರೂ ಮಾಮ ಎದುರಾದರೆ ಸಾಕು, ಅವರ ಕೈಗಳು ತಾವಾಗಿಯೇ ಟೋಪಿಯನ್ನು ಕಿವಿ ಮುಚ್ಚುವಂತೆ ಕೆಳಕ್ಕೆ ಎಳೆದುಕೊಳ್ಳುತ್ತಿದ್ದವು.

"ಲೋ, ಹ್ಯಾಂಡ್‌ಬ್ರೇಕ್ ಎಳೆದಿದ್ದೀಯಾ? ಬಿಡು, ಬಿಡು! ಒಂದ್ಸಲ ಹೆಪ್ಪುಗಟ್ಟಿ ಹಿಡ್ಕೊಂಡ್ರೆ ಏಪ್ರಿಲ್‌ವರೆಗೂ ಬಿಡಲ್ಲ."

"ಪೆಟ್ರೋಲ್ ಅರ್ಧಕ್ಕಿಂತ ಕೆಳಗೆ ಇಳಿಸ್ಬೇಡಮ್ಮ. ಖಾಲಿ ಜಾಗದಲ್ಲಿ ನೀರು ಕಟ್ಟುತ್ತೆ, ಆ ನೀರು ಗಡ್ಡೆಯಾಗಿ ಪೈಪಲ್ಲಿ ಕೂತ್ಕೊಳ್ಳುತ್ತೆ."

"ರೇಡಿಯೇಟರ್ ಮುಂದೆ ರಟ್ಟು ಎಲ್ಲಿ? ನಿಂಗೆ ಮಾತ್ರ ಕೋಟು ಬೇಕು, ಅದಕ್ಕೆ ಬೇಡ್ವಾ?"

ಬೀಗ ಹೆಪ್ಪುಗಟ್ಟಿದರೆ ಕೀಲಿ ಕಾಯಿಸಿ ಹಾಕಬೇಕು, ಬಾಯಿಂದ ಊದಬಾರದು ಎಂಬುದು ಅವರ ಬಹು ಪ್ರಸಿದ್ಧವಾದ ಉಪದೇಶ. ಅದು ಅನುಭವದ ಮಾತು. ಒಮ್ಮೆ ತಾವೇ ಊದಲು ಹೋಗಿ ಅವರ ತುಟಿ ಕಾರಿನ ಬಾಗಿಲಿಗೆ ಅಂಟಿಕೊಂಡಿತ್ತು. ಹೆಂಡತಿ ತೆಕ್ಲಾ ಅತ್ತೆ ಉಗುರುಬೆಚ್ಚಗಿನ ಚಹಾ ಸುರಿದು ಬಿಡಿಸಿದರು. ತುಟಿ ಬಿಟ್ಟ ಕೂಡಲೆ ಮಾಮ ಆಡಿದ ಮೊದಲ ಮಾತು, "ಸಕ್ಕರೆ ಕಡಿಮೆಯಾಯ್ತು."

ಆ ಕಾರು ಕಂದು ಬಣ್ಣದ್ದು, ಅವರ ಮಗಳಿಗಿಂತ ಎರಡೇ ವರ್ಷ ಚಿಕ್ಕದು. ಅದರ ಮೂತಿಯಿಂದ ವಿದ್ಯುತ್ತಿನ ತಂತಿಯೊಂದು ನಾಲಿಗೆಯಂತೆ ಜೋತಾಡುತ್ತಿತ್ತು. ರಾತ್ರಿ ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಎಂಜಿನ್ನನ್ನು ಬೆಚ್ಚಗಿಡದಿದ್ದರೆ ಬೆಳಿಗ್ಗೆ ಕಾರು ಬಂಡೆಗಲ್ಲು. ಚಳಿ ಹೆಚ್ಚಾದಾಗ ಮಾಮ ಬ್ಯಾಟರಿಯನ್ನು ಬಿಚ್ಚಿ ತಂದು, ಅಡುಗೆಮನೆಯ ಒಲೆಯ ಪಕ್ಕದಲ್ಲಿ ಮಲಗಿಸುತ್ತಿದ್ದರು.

"ರೀ, ನಂಗೆ ಜ್ವರ ಬಂದಾಗ ಒಂದು ದಿನ ಕಂಬಳಿ ಹೊದಿಸಿದ್ರಾ? ಈ ಸವತಿಗೆ ನನ್ನ ಉಣ್ಣೆ ಶಾಲು!"

"ಮೆಲ್ಲಗೆ ಮಾತಾಡೇ. ಅದಕ್ಕೆ ಹುಷಾರಿಲ್ಲ."

ಆ ವರ್ಷ ಅತ್ತೆಯ ತಾಳ್ಮೆ ಮುಗಿಯಿತು. ಹಳೆಯ ಪಂಚಾಂಗದ ಹೊಸವರ್ಷದ ಹಿಂದಿನ ಸಂಜೆ ಚರ್ಚಿನ ಸಭಾಂಗಣದಲ್ಲಿ, ಊರಿನ ಹಿರಿಯರು ಹಳೆಯ ನಾಡಿನಿಂದ ತಂದ ಮಲಾಂಕ ಹಬ್ಬದ ಊಟ. ಅನ್ನ ತುಂಬಿ ಬೇಯಿಸಿದ ಎಲೆಕೋಸಿನ ಸುರುಳಿಗಳನ್ನು ಮಾಡಿಕೊಡುವುದು ಪ್ರತಿವರ್ಷವೂ ಅತ್ತೆಯ ಪಾಲಿನ ಕೆಲಸ. ಹಿಂದಿನ ವರ್ಷ ಕಾರು ದಾರಿಯಲ್ಲಿ ನಿಂತು, ಸುರುಳಿಗಳು ಚಪ್ಪಲಿಯಷ್ಟು ಗಟ್ಟಿಯಾಗಿ ಬಂದಿದ್ದವು. ಜನ ಅವರ ತಂಗಿ ಪರಾಸ್ಕಾ ಮಾಡಿದ್ದನ್ನೇ ತಿಂದರು. ಆ ಅವಮಾನವನ್ನು ಅತ್ತೆ ಮರೆತಿರಲಿಲ್ಲ.

"ಕೇಳಿಸ್ಕೊಳ್ಳಿ," ಎಂದರು ಹಬ್ಬದ ದಿನ. "ಪಾದ್ರಿಗಳು ಪ್ರಾರ್ಥನೆ ಮುಗಿಸೋದ್ರೊಳಗೆ ನನ್ನ ಪಾತ್ರೆ ಬಿಸಿಬಿಸಿಯಾಗಿ ಬರ್ಬೇಕು. ಬರ್ಲಿಲ್ಲ ಅಂದ್ರೆ ಸೋಮವಾರ ಗುಜರಿ ಸಾವ್‌ಚುಕ್ ಬರ್ತಾನೆ. ಮಾತಾಡಿ ಆಗಿದೆ."

ಹಾಗೆಂದು ಹೇಳಿ ತಂಗಿಯ ಹೊಸ ಕಾರಿನಲ್ಲಿ ಕುಳಿತು ಮುಂದೆ ಹೋದರು.

ಪಾದರಸ ಮೈನಸ್ ನಲವತ್ತರ ಹತ್ತಿರ ಮುದುಡಿ ಕುಳಿತಿತ್ತು. ಆದರೂ ಕಾರು ಮೊದಲ ಸಲಕ್ಕೇ ಗುರ್ ಎಂದಿತು. ಮಾಮ ಅದರ ಬಾನೆಟ್ಟಿಗೆ ಮುತ್ತಿಡಲು ಬಾಗಿ, ಸಮಯಕ್ಕೆ ಸರಿಯಾಗಿ ತುಟಿಯ ನೆನಪಾಗಿ ಹಿಂದೆ ಸರಿದರು. ಕಂಬಳಿ ಸುತ್ತಿದ ದೊಡ್ಡ ಪಾತ್ರೆಯನ್ನು ಹಿಂದಿನ ಸೀಟಿನಲ್ಲಿಟ್ಟು ಹೊರಟರು. ದಾರಿಯಲ್ಲಿ, ಸುರುಳಿಗಳ ಮೇಲೆ ಬಡಿಸುವ ಹುಳಿಕೆನೆ ಕೊಳ್ಳಲು ಅಂಗಡಿಯ ಮುಂದೆ ನಿಲ್ಲಿಸಿದರು. ಆ ಚಳಿಯಲ್ಲಿ ಎಂಜಿನ್ ಆರಿಸುವ ಹುಚ್ಚರು ವೆರ್ಬಾದಲ್ಲಿಲ್ಲ, ಬಾಗಿಲಿಗೆ ಬೀಗ ಹಾಕುವವರೂ ಇಲ್ಲ. ಅಂಗಡಿಯ ಮುಂದೆ ಕಾರುಗಳು ಹೊಗೆಯುಗುಳುತ್ತ, ಗಾಜಿನ ತುಂಬ ಮಂಜು ಹೊದ್ದುಕೊಂಡು ಸಾಲಾಗಿ ನಿಂತಿದ್ದವು.

ಒಳಗೆ ಹೊಸದಾಗಿ ಬಂದ ದಾದಿಯೊಬ್ಬಳು ಸಿಕ್ಕಿದಳು. ಅವಳಿಗೆ ರಟ್ಟಿನ ಮಹಿಮೆ ವಿವರಿಸುವಷ್ಟರಲ್ಲಿ ಕೊಂಚ ಹೊತ್ತಾಯಿತು. ಹೊರಗೆ ಬಂದು ಕಂದು ಕಾರಿನೊಳಗೆ ನುಗ್ಗಿ ಹೊರಟರು.

ಅರ್ಧ ದಾರಿಯಲ್ಲಿ ಒಂದು ಪವಾಡ ನಡೆಯಿತು. ಅವರ ಕಾಲು ಬೆಚ್ಚಗಾಯಿತು! ಆ ಕಾರಿನ ಹೀಟರು ಕಾಲಿಗೆ ಗಾಳಿ ಬಿಟ್ಟು ಹನ್ನೆರಡು ವರ್ಷವಾಗಿತ್ತು. "ನೋಡಿದ್ಯಾ, ಪ್ರೀತಿಯಿಂದ ನೋಡ್ಕೊಂಡ್ರೆ ಕಬ್ಬಿಣವೂ ಕರಗುತ್ತೆ," ಎಂದು ಸ್ಟೀರಿಂಗನ್ನು ತಟ್ಟಿದರು.

ಸಭಾಂಗಣದ ಮುಂದೆ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು ಕಂಬಳಿ ಸರಿಸಿದರು. ಹೂವಿನ ರುಮಾಲು ಕಟ್ಟಿದ ಮುಖವೊಂದು ಕಣ್ಣುಬಿಟ್ಟಿತು.

"ಮನೆ ಬಂತಾ?"

ಅದು ಎವ್ದೋಕಿಯಾ ಅಜ್ಜಿ. ಊರಾಚೆಯ ಹೊಲದ ಮನೆಯ ಯಾರೆಮಾನ ತಾಯಿ.

"ಅಜ್ಜಿ... ನೀನು ಎಲೆಕೋಸಿನ ಪಾತ್ರೆ ಅಲ್ವಾ?" ಎಂದು ಮಾಮ ತೊದಲಿದರು.

"ಬೆಳಿಗ್ಗೆವರೆಗೂ ಆಗಿರ್ಲಿಲ್ಲ ಕಣಪ್ಪ," ಎಂದಳು ಅಜ್ಜಿ.

ಯಾರೆಮಾನದೂ ಅದೇ ಬಣ್ಣದ, ಅದೇ ಕಾಲದ ಕಾರು. ಮಂಜು ಮೆತ್ತಿದಾಗ ಹೆತ್ತವರಿಗೂ ಗುರುತು ಸಿಗುವಂತಿರಲಿಲ್ಲ. ಮಾಮ ಅಜ್ಜಿಯನ್ನು ನಡೆಸಿಕೊಂಡು ಒಳಗೆ ಬಂದಾಗ ತೆಕ್ಲಾ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಅಜ್ಜಿ ಬಂದದ್ದು ಸಂತೋಷ. ಪಾತ್ರೆ ಎಲ್ಲಿ?"

ಉತ್ತರ ಕೊಡುವ ಮೊದಲೇ ಸಭಾಂಗಣದ ಅಡುಗೆಮನೆಯ ಗೋಡೆಯ ಫೋನು ಬಡಿದುಕೊಂಡಿತು. ಮಾಮ ಓಡಿಹೋಗಿ ಎತ್ತಿದರು. ಯಾರೆಮಾ!

"ಮಾಮ, ನಮ್ಮಮ್ಮ ನಿಮ್ಮ ಹತ್ರ ಇದ್ದಾಳಾ?"

"ಇದ್ದಾಳೆ. ಆಗಲೇ ಸೂಪ್ ಕುಡೀತಿದ್ದಾಳೆ."

"ಅಬ್ಬ! ದಾರಿಯುದ್ದಕ್ಕೂ ಪಾತ್ರೆ ಜೊತೆ ಮಾತಾಡಿದೆ ಮಾಮ. ಗೋಧಿ ರೇಟು ಹೇಳ್ದೆ, ಹಂದಿ ಮರಿ ಹಾಕಿದ್ದು ಹೇಳ್ದೆ. ಒಂದ್ಸಲಾನೂ ಬೈಲಿಲ್ಲ. ಆಗಲೇ ಅನುಮಾನ ಬರ್ಬೇಕಿತ್ತು. ಮನೆ ಮುಂದೆ ಎತ್ಕೊಂಡಾಗ ಕೈಗೆ ಹಿಡಿ ಸಿಕ್ತು."

"ಅದಿರ್ಲಿ. ನನ್ನ ಕಾರು ಆರಿಸಿದ್ಯಾ?"

"ಮನೆಗೆ ಬಂದ್ಮೇಲೆ ಆರಿಸ್ದೆ ಇನ್ನೇನು? ಈಗ ಹತ್ತಲ್ಲ ಅಂತಿದೆ. ಕುಯ್ ಕುಯ್ ಅಂತ ಅಳ್ತಿದೆ. ನಮ್ಮ ಟ್ರ್ಯಾಕ್ಟರ್ ಹಿಮದಲ್ಲಿ ಹೂತ್ಕೊಂಡಿದೆ."

ಮಾಮ ಗೋಡೆಯ ಗಡಿಯಾರ ನೋಡಿದರು. ತಾವೇ ಹೋಗಿ ಬರೋಣವೆಂದರೆ ಅಷ್ಟರಲ್ಲಿ ಊಟ ಮುಗಿದಿರುತ್ತದೆ. ಹಬ್ಬದ ಆಟಕ್ಕೆಂದು ಮೇಕೆಯ ವೇಷ ಹಾಕಿದ್ದ ಗುಜರಿ ಸಾವ್‌ಚುಕ್ ಬಾಗಿಲಲ್ಲಿ ಕೊಂಬು ತೂರಿಸಿ, "ಅತ್ತೆ, ಸೋಮವಾರ ಬರೋದೇ ತಾನೆ?" ಎಂದು ಕೇಳಿದ. ಪಕ್ಕದಲ್ಲಿ ಪರಾಸ್ಕಾ ತನ್ನ ಪಾತ್ರೆಯ ಮುಚ್ಚಳವನ್ನು ಮೆಲ್ಲನೆ ಒರೆಸುತ್ತಿದ್ದಳು.

ಮಾಮ ಗಂಟಲು ಸರಿಮಾಡಿಕೊಂಡರು. "ನೋಡಪ್ಪ ಯಾರೆಮಾ, ಮೊದಲು ಎಂಜಿನ್ ಅಂದ್ರೆ ಏನು ಅಂತ ಅರ್ಥ ಮಾಡ್ಕೋಬೇಕು. ನಾನು ಬಸ್ಸು ಓಡಿಸೋ ಕಾಲದಲ್ಲಿ..."

"ಕೊಡಿ ಇಲ್ಲಿ!" ತೆಕ್ಲಾ ಅತ್ತೆ ಫೋನು ಕಿತ್ತುಕೊಂಡರು. "ಯಾರೆಮಾ, ಪಾತ್ರೆಯನ್ನ ಒಲೆ ಮೇಲಿಡು, ಸಣ್ಣ ಉರಿ. ಆಮೇಲೆ ಕೇಳು. ಪೆಡಲ್ ತುಳಿದು ತುಳಿದು ಪೆಟ್ರೋಲ್ ಉಕ್ಕಿಸಿದ್ದೀಯ, ಅದಕ್ಕೆ ಹತ್ತಲ್ಲ. ಬಾನೆಟ್ ಎತ್ತು. ಏರ್ ಫಿಲ್ಟರ್ ಮುಚ್ಚಳ ತೆಗೆದ್ರೆ ಒಳಗೆ ಸಣ್ಣ ತಗಡು ಬಾಯಿ ಮುಚ್ಕೊಂಡಿರುತ್ತೆ. ಅದನ್ನ ತೆರೆದು ಮರದ ಸೌಟಿನ ಹಿಡಿ ಸಿಕ್ಕಿಸು. ಪೆಡಲ್ ಪೂರ್ತಿ ತುಳಿದು ಹಾಗೇ ಹಿಡ್ಕೊ, ಪಂಪ್ ಮಾಡ್ಬೇಡ. ಆಮೇಲೆ ಕೀಲಿ ತಿರುಗಿಸು. ಹತ್ತಿದ ಮೇಲೆ ಸೌಟು ತೆಗಿ, ಎಂಜಿನ್‌ಗೆ ತಿನ್ನಿಸ್ಬೇಡ!"

ಫೋನನ್ನು ಮೇಜಿನ ಮೇಲಿಟ್ಟು ಯಾರೆಮಾ ಓಡಿದ. ಅಡುಗೆಮನೆಯಲ್ಲಿದ್ದವರೆಲ್ಲ ಅತ್ತೆಯ ಕೈಲಿದ್ದ ಫೋನಿಗೆ ಕಿವಿಗೊಟ್ಟರು. ಮೇಕೆಯೂ ಒಂದು ಕಿವಿ ತೂರಿಸಿತು. ಮೊದಲು ಗಾಳಿಯ ಸದ್ದು. ಆಮೇಲೆ ಕುಯ್, ಕುಯ್. ಒಂದು ಕೆಮ್ಮು. ಮತ್ತೊಂದು ಕೆಮ್ಮು. ಕೊನೆಗೆ ದೂರದಿಂದ ಗರ್‌ರ್‌ರ್ ಎಂದಿತು. ಪನಾಸ್ ಮಾಮ ಹಿಟ್ಟಿನ ಚೀಲದ ಮೇಲೆ ಕುಸಿದು ಕುಳಿತು ಶಿಲುಬೆಯ ಗುರುತು ಮಾಡಿಕೊಂಡರು.

ಅಷ್ಟಾದ ಮೇಲೆ ಅವರಿಗೆ ಸಂಶಯ ಬಂದಿತು. "ತೆಕ್ಲಾ, ಈ ಸೌಟಿನ ಉಪಾಯ ನಾನು ನಿಂಗೆ ಹೇಳೇ ಇಲ್ವಲ್ಲ?"

"ನಿಮಗೆ ಗೊತ್ತಿದ್ರೆ ತಾನೆ ಹೇಳೋಕೆ? ನೀವು ಮಂಜುಗಡ್ಡೆ ಮೇಲೆ ಕಲ್ಲು ಜಾರಿಸೋ ಆ ಕರ್ಲಿಂಗ್ ಆಡೋಕೆ ಗೆಳೆಯರ ಗಾಡಿ ಹತ್ತಿ ಹೋದ ಮೇಲೆ, ಚರ್ಚಿನ ಹಾಡಿನ ಅಭ್ಯಾಸಕ್ಕೆ ನಾನೇನು ಹಾರ್ಕೊಂಡು ಹೋಗ್ತಿದ್ನಾ?"

"ಪರಾಸ್ಕಾ ಕರ್ಕೊಂಡು ಹೋಗ್ತಾಳೆ ಅಂತ ನೀನೇ ಹೇಳ್ತಿದ್ದೆ."

ಪರಾಸ್ಕಾ ಮುಖ ಕೆಂಪಗೆ ಮಾಡಿಕೊಂಡು, "ಇವತ್ತು ಪುಣ್ಯಕ್ಕೆ ಎದ್ದಿತು ಅಷ್ಟೆ, ನನ್ನ ಹೊಸ ಕಾರು ಸ್ವಲ್ಪ ಚಳಿ ಜಾಸ್ತಿಯಾದ್ರೆ ಏಳೋದೇ ಇಲ್ಲ ಭಾವ. ನಾನೂ ನಿಮ್ಮ ಕಾರಲ್ಲೇ ಹೋಗೋದು," ಎಂದಳು.

ಅತ್ತ ಪಾದ್ರಿ ಜೆನೋನ್ ಅವರ ಕಿವಿಯಲ್ಲಿ ಯಾರೋ ವಿಷಯ ಉಸುರಿದ್ದರು. ಅವರು ಒಳ್ಳೆಯ ಮನಸ್ಸಿನವರು. ಊಟದ ಪ್ರಾರ್ಥನೆಯಲ್ಲಿ ಬಿಷಪ್ಪರನ್ನು, ಅಧಿಕಾರಿಗಳನ್ನು, ಹಸುಕರುಗಳನ್ನು, ರಸ್ತೆಯ ಹಿಮ ತೆಗೆಯುವವರನ್ನು, ಕಳೆದ ವರ್ಷ ಸತ್ತ ತಮ್ಮ ಬೆಕ್ಕನ್ನು ಸಹ ನೆನೆದರು. ಹಸಿದ ಜನ ಹಲ್ಲುಕಚ್ಚಿ "ಆಮೆನ್" ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಯಾರೆಮಾ ಕಂಬಳಿ ಸುತ್ತಿದ ಪಾತ್ರೆಯನ್ನು ಮಗುವಿನಂತೆ ಎದೆಗವಚಿಕೊಂಡು ಬಂದ. ಮುಚ್ಚಳ ತೆಗೆದಾಗ ಎದ್ದ ಹಬೆಯಲ್ಲಿ ಪಾದ್ರಿಗಳ ಕನ್ನಡಕ ಮಸುಕಾಯಿತು.

ಮೇಕೆ ನಿರಾಶೆಯಿಂದ ನಾಲ್ಕು ಸುರುಳಿಗಳನ್ನು ತಟ್ಟೆಗೆ ಹಾಕಿಕೊಂಡು, "ಹಾಗಾದ್ರೆ ಅತ್ತೆ, ಸೋಮವಾರ?" ಎಂದಿತು.

"ಬರ್ಬೇಡ," ಎಂದರು ತೆಕ್ಲಾ ಅತ್ತೆ. "ಸೋಮವಾರ ಅದರ ಎಂಜಿನ್ ಆಯಿಲ್ ಬದಲಾಯಿಸ್ಬೇಕು. ಇವರು ಎರಡು ತಿಂಗಳಿಂದ ಮರೆತಿದ್ದಾರೆ."

ಪನಾಸ್ ಮಾಮ ಹುಳಿಕೆನೆಯ ಡಬ್ಬಿ ಎತ್ತಿಕೊಂಡು ಬಡಿಸಲು ಹೊರಟರು.