ಏಳನೇ ತಾಕಿನ ಕಂಬ

ಆಗ ನನಗೆ ಅರವತ್ತೇಳು. ಈಗ್ಗೆ ಎರಡು ವರ್ಷ ಆತು. ಕತ್ತಲಗೆರೆ ಹತ್ರ ಭತ್ತದ ಪರೀಕ್ಷೆ ಮಾಡೋ ಗದ್ದೇಲಿ ಕೂಲಿಗೆ ಹೋಗ್ತಿದ್ದೆ. ಓದಿದ್ದು ಎರಡನೇ ಕ್ಲಾಸು. ಅಂಕಿ ಬರ್ತಾವೆ, ಅಕ್ಷರ ಕೂಡಿಸಾಕೆ ಹೊತ್ತು ಬೇಕು. ಇದನ್ನ ಬರೆಯಾಕೂ ಹಂಗೇ ಹೊತ್ತು ಹಿಡಿದೈತೆ.

ಚನ್ನಗಿರಿ ಬಟ್ಟೆ ಅಂಗಡಿ ಸಾಹೇಬರ ಮಗಳು ಅಲ್ಲಿ ಕಾಲುವೆ ಹತ್ರದಿಂದ ಆರಾರರ ಎರಡು ಸಾಲು, ಒಟ್ಟು ಹನ್ನೆರಡು ತಾಕು ಮಾಡಿ ಬೆಳೆ ಇಟ್ಟಿದ್ದಳು. ಒಂಬತ್ತಕ್ಕೆ ಕೊಂಡು ತಂದ ಚೀಲದ ಗೊಬ್ಬರ, ಹೆಚ್ಚು ಕಮ್ಮಿ ಮಾಡಿ. ಮೂರಕ್ಕೆ ಬರೀ ಸೊಪ್ಪು ಕೆಸರಿಗೆ ತುಳಿಸಿದ್ದು. ಯಾವುದು ಎಷ್ಟು ಬಂತು ಅಂತ ಬರೆದು ವಿಜ್ಞಾನದೋರ ಪತ್ರಿಕೆಗೆ ಕಳಿಸಬೇಕು. ಅದರಾಗೆ ಅಚ್ಚಾದರೇನೇ ಅವಳಿಗೆ ಡಾಕ್ಟರ್ ಪದವಿ. ಬರಹ ಒಪ್ಪಿದ್ದರಂತೆ. ಗ್ರಾಫ್ ಮಾತ್ರ ಮೂರು ಸಲ ವಾಪಸ್ ಬಂದಿತ್ತು. ಅವತ್ತು ಸಾಯಂಕಾಲ ಐದು ಗಂಟೆಗೆ ಕಡೇ ಗಡುವು.

ಶೆಡ್ಡಿನಾಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಿಗ್ಗೆಯಿಂದ ಕೂತಿದ್ದಳು. ನಾನು ಪಕ್ಕದಾಗೆ ಬೀಜದ ಭತ್ತ ಕೇರ್ತಿದ್ದೆ. ಗ್ರಾಫ್ ತಿದ್ದಾಕೇ ಒಂದು ಸಾಫ್ಟ್‌ವೇರ್ ಐತಂತೆ. ಪತ್ರಿಕೆಯೋರ ನಿಯಮ ಎಲ್ಲಾ ಅದಕ್ಕೆ ಗೊತ್ತು. ಚಿತ್ರ ಹಾಕಿದರೆ ಅದೇ ಅಳೆಯುತ್ತೆ, ಅದೇ ಕೆಂಪು ಗುರುತು ಹಾಕುತ್ತೆ. ಅಕ್ಷರ ಸಣ್ಣದು ಅಂತು. ದೊಡ್ಡದು ಮಾಡಿದಳು, ಒಂದರ ಮೇಲೊಂದು ಹತ್ತಿ ಕೂತವು. ಬಣ್ಣ ಬೇಡ ಅಂತು. ಕಪ್ಪು ಮಾಡಿದಳು, ತಾಕಿಗೊಂದರಂತೆ ಇದ್ದ ಹನ್ನೆರಡು ಕಂಬವೂ ಸೇರಿ ಒಂದು ಕಂಬಳಿ ಹಂಗಾತು. ಗೆರೆ ತೆಳು. ಅಗಲ ಹೆಚ್ಚು. ಹಿಗ್ಗಿಸಿ ನೋಡಿದರೆ ಮಸುಕು.

“ಹೆಣ್ಣು ನೋಡಾಕೆ ಬಂದೋರೂ ಇಷ್ಟು ಕೊಂಕು ತೆಗೆಯಲ್ಲ ಕಣವ್ವಾ,” ಅಂದೆ.

“ಅವರಿಗಾದ್ರೆ ಚಾ ಕೊಟ್ಟು ಒಪ್ಪಿಸಬಹುದು ಅಜ್ಜಿ. ಇದು ಚಾನೂ ಕುಡಿಯಲ್ಲ.”

ಮೂರು ಗಂಟೆಗೆ ಹಸಿರು ಗುರುತು ಬಂತು. ಹುಡುಗಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. “ಬರ್ರಿ ಅಜ್ಜಿ, ನೀವು ಕೊಯ್ದಿದ್ದು ನೋಡ್ರಿ,” ಅಂದಳು.

ಮುಂಚೆ ಬಳೆ ಮಲಾರ ಹಂಗೆ ಬಣ್ಣ ಬಣ್ಣ ಇತ್ತು, ನನಗೆ ಏನೂ ತಿಳಿದಿರಲಿಲ್ಲ. ಈಗ ಚೊಕ್ಕಟ. ಸಾಲಾಗಿ ಹನ್ನೆರಡು ಕಂಬ, ಕೆಳಗೆ ಅಂಕಿ. ಏಳನೇದು ಎತ್ತರ, ಹನ್ನೆರಡನೇದು ಗಿಡ್ಡ.

“ಈ ಏಳೇ ನನ್ನ ಬರಹದ ಜೀವ. ಬರೀ ಸೊಪ್ಪು ಹಾಕಿದ್ದು. ಆ ತುದೀದು, ನೀರೂ ಕಮ್ಮಿ. ಆದ್ರೂ ಎಷ್ಟು ಬಂದೈತೆ ನೋಡ್ರಿ.”

“ಆ ತುದಿ ಅಂದ್ರೆ?”

“ಆರು ಎಲ್ಲಿ ಮುಗೀತೋ ಅದರ ಎದುರಿಗೇ ಏಳು. ಅಲ್ಲಿಂದ ಕಾಲುವೆ ಕಡೆ ವಾಪಸ್ ಬರ್ತಾ ಹನ್ನೆರಡು.”

ನಾನು ಕಟ್ಟಿದ್ದು ಹಂಗಲ್ಲ. ಕೊಯ್ಲಿನಾಗೆ ಅವಳು ಜ್ವರ ಬಂದು ಮಲಗಿದ್ದಳು. ತಾಕಿನ ಅಂಕಿ ಗೂಟ ಯಾರೋ ಒಲೆಗೆ ಕಿತ್ತೊಯ್ದಿದ್ದರು. ಅವಳು ಕಳಿಸಿದ ಅಂಕಿ ಚೀಟಿನ ಹೊರೆಗೆ ಕಟ್ಟಿದೋಳು ನಾನು. ಆ ಚೀಟಿ ನೋಡೇ ತೂಕನ ಪುಸ್ತಕಕ್ಕೆ ಬರೆದಿದ್ದರು. ಗದ್ದೆ ಕೆಲಸ ಯಾವಾಗಲೂ ನೀರು ಬರೋ ಕಡೆಯಿಂದ ಶುರು ಮಾಡೋದು ನಮ್ಮ ರೂಢಿ. ಮೊದಲ ಸಾಲು ಕಾಲುವೆಯಿಂದ ಒಂದು, ಎರಡು ಅಂತ ಆರು. ಎರಡನೇ ಸಾಲಿಗೂ ಮತ್ತೆ ಕಾಲುವೆಗೇ ಬಂದು ಏಳು, ಎಂಟು ಅಂತ ಕಟ್ಟಿದ್ದೆ. ತಿರುಗಿ ಎಣಿಸಬೇಕು ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವಳಿಗೆ ಹಂಗೇ ಹೇಳಿದೆ. ಮುಚ್ಚಿಡಾಕೆ ಏನೈತೆ?

“ಅಜ್ಜಿ, ಸರಿಯಾಗಿ ನೆನಪೈತಾ ನಿಮಗೆ?”

“ಆ ತುದಿ ಭತ್ತ ಮೊಣಕಾಲು ದಾಟಿರಲಿಲ್ಲ. ಬಗ್ಗಿ ಬಗ್ಗಿ ಕೊಯ್ದು ಸೊಂಟ ಬಿದ್ದುಹೋತು. ನಾನು ಮರೆತರೂ ಸೊಂಟ ಮರೆಯಲ್ಲ.”

ಅವಳು ಎರಡನೇ ಸಾಲಿನ ಆರು ಅಂಕಿ ತಿರುಗಾಮುರುಗಾ ಮಾಡಿ ಹಾಕಿದಳು. ಚಿಟಿಕೆ ಹೊಡೆಯೋದರಾಗೆ ಬೇರೆ ಗ್ರಾಫ್ ಬಂತು. ಏಳು ಕುಸಿದು ಕೂತಿತ್ತು, ಸೊಪ್ಪಿನ ಮಾತೇ ಮುಗಿದಿತ್ತು. ಅದಕ್ಕೂ ಹಸಿರು ಗುರುತು.

“ನೋಡ್ರಿ, ಇದೂ ಸರಿಯಂತೆ,” ಅಂದಳು.

ಅಕ್ಷರ ಸರಿ, ಗೆರೆ ಸರಿ, ಅಗಲ ಸರಿ. ಏಳು ಯಾವ ಕಡೆದು ಅಂತ ಅದು ಕೇಳಲೇ ಇಲ್ಲ.

ಅವಳ ಸರ್‌ಗೆ ಫೋನ್ ಮಾಡಿದಳು. “ಮುದುಕಿ ಬಾಯಿಮಾತಿಗೆ ಅಂಕಿ ತಿದ್ದೋಕಾಗುತ್ತೇನಮ್ಮಾ? ಪುಸ್ತಕದಲ್ಲಿ ಏನಿದೆಯೋ ಅದನ್ನ ಕಳಿಸು,” ಅಂದಿದ್ದು ನನಗೂ ಕೇಳಿಸ್ತು. ಭತ್ತ ತೋರಿಸೋಣ ಅಂದರೆ ಅದು ಒಂದೇ ರಾಶಿಯಾಗಿ ಮಿಲ್ಲಿಗೆ ಹೋಗಿ ಬಹಳ ದಿನ ಆಗಿತ್ತು. ನಾನು ಮೊರ ಹಿಡಕೊಂಡು ನಿಂತಿದ್ದೆ. ಕೇರಾಕೂ ಆಗಲಿಲ್ಲ, ಕೆಳಗಿಡಾಕೂ ಆಗಲಿಲ್ಲ.

ಐದು ಹೊಡೀತು. ಆ ಗ್ರಾಫೂ ಕಳಿಸಲಿಲ್ಲ, ಈ ಗ್ರಾಫೂ ಕಳಿಸಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದಳು.

“ಒಂದೆರಡು ಬೈಯವ್ವಾ,” ಅಂದೆ.

“ಬೈದ್ರೆ ಏಳು ಎದ್ದು ನಿಲ್ಲುತ್ತಾ ಅಜ್ಜಿ?” ಅಂದು ಸ್ಕೂಟಿ ಹತ್ತಿ ಹೋದಳು.

ಮಾರನೇ ಬೆಳಿಗ್ಗೆ ಅವಳ ಸರ್ ಕೋಣೆಗೆ ಹೋದೆ. ಪುಸ್ತಕ ತಿದ್ದಾಕೆ ಬಿಡಲಿಲ್ಲ. ಬೇರೆ ಹಾಳೆ ಕೇಳಿ ಇಸಕೊಂಡೆ. ಎರಡು ಸಾಲು ಚೌಕದ ಮನೆ ಬರೆದು, ಕಾಲುವೆ ಗೀಚಿ, ಎಲ್ಲಿ ಯಾವ ಚೀಟಿ ಕಟ್ಟಿದ್ದೆ ಅಂತ ಅಂಕಿ ಹಾಕಿ, ಕೆಳಗೆ ನನ್ನ ಹೆಸರು ಬರೆದೆ. “ಇದರಿಂದ ಏನೂ ಆಗಲ್ಲ ಅಜ್ಜಿ,” ಅಂದರು. “ಬಾಯಿಮಾತು ಅಂದಿರಲ್ಲ ರೀ, ಅದಕ್ಕೆ,” ಅಂದು ಹಾಳೆನ ಅವರ ಪುಸ್ತಕದೊಳಗೆ ತುರುಕಿ, ಕಳೆ ಕೀಳಾಕೆ ಹೋದೆ.