ಹಾಲುತುಪ್ಪದ ದಿನ ಹಾಡಿದ್ದು

ಬೇರೆಯವರ ಹಾಡನ್ನು ತಮ್ಮದೆಂಬಂತೆ ಹಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದರಲ್ಲೂ ನಮ್ಮ ಬ್ಯಾಂಡಿನ ಹಾಡನ್ನು ಮುಟ್ಟಿದರಂತೂ ಎರಡು ಸಾಲು ಮುಗಿಯುವುದರೊಳಗೆ ಫೋನಿಗೇ ಬೈಯುತ್ತೇನೆ. ನಮ್ಮ ಬ್ಯಾಂಡು ಎಂದರೆ ಯಾವುದೋ ದೇಶದ ನಾಲ್ವರು ರಾಕ್ ಗಾಯಕರು. ಹೊಸಕೋಟೆಯ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಬಂದ ದಿನದಿಂದ ಅವರು ನಮ್ಮವರಾದರು. ನಾನೂ ನನ್ನ ಗೆಳೆಯನೂ ಜಡಿಗೇನಹಳ್ಳಿ ಕಡೆಯ ಒಂದೇ ಬೀದಿಯವರು. ಮೀಸೆ ಮೂಡಿದಾಗ ಹಿಡಿದ ಹುಚ್ಚು, ಮೀಸೆಯಲ್ಲಿ ಒಂದೆರಡು ನರೆ ಇಣುಕಿದರೂ ಬಿಡಲಿಲ್ಲ.

ಅವನು ಹಾಡುತ್ತಿದ್ದ, ನಾನು ಡ್ರಮ್ಸ್ ಬಾರಿಸುತ್ತಿದ್ದೆ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಕೊಠಡಿಯೇ ನಮ್ಮ ತಾಲೀಮಿನ ಜಾಗ. ಗೂಡು ಮಾರಿ, ಕೊಠಡಿ ತೊಳೆದು, ಮುಂದಿನ ಹುಳು ತರುವವರೆಗೆ ಅದು ಖಾಲಿ. ಬ್ಲೀಚಿಂಗ್ ಪೌಡರಿನ ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಹಾಡು ನಿಲ್ಲುತ್ತಿರಲಿಲ್ಲ. ಅಬ್ಬರದ ಹಾಡನ್ನೆಲ್ಲ ಅವನು ಲಾಲಿಯ ಹಾಗೆ ನಿಧಾನ ಮಾಡಿಬಿಡುತ್ತಿದ್ದ.

"ಒರಿಜಿನಲ್ಲು ಹಿಂಗಿಲ್ಲ ಕಣೋ" ಎಂದು ನಾನು ರೇಗುತ್ತಿದ್ದೆ.

"ಅದು ಅವ್ರಿಗಿರ್ಲಿ ಬಿಡು ಗುರು" ಎನ್ನುತ್ತಿದ್ದ.

ಅವನ ಅಮ್ಮ ಹೊರಗೆ ಬಿದಿರ ತಟ್ಟೆಗಳನ್ನು ಬಿಸಿಲಿಗೆ ಹಾಕುತ್ತಾ, "ನಿದ್ದೆಗಣ್ಣಲ್ಲಿ ಹಾಡ್ತಾವ್ನೆ, ಒಂದ್ ಲೋಟ ಕಾಫಿ ಕೊಡ್ಬೇಕು" ಎಂದು ನಗುತ್ತಿದ್ದರು.

ಹೋದ ವರ್ಷ ಅವನು ಕಾಮಾಲೆಯಾಗಿ ತೀರಿಕೊಂಡ. ಮೂರನೆಯ ದಿನ ಹಾಲುತುಪ್ಪ ಬಿಡಲು ಹೊಲದ ಅಂಚಿನಲ್ಲಿ ಅವನನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ಸೇರಿದೆವು. ಅವನ ಅಮ್ಮ ಅವನಿಗಿಷ್ಟವಾದ ಚಿತ್ರಾನ್ನ, ಒಬ್ಬಟ್ಟು ಬಾಳೆಲೆಯಲ್ಲಿ ಎಡೆ ಇಟ್ಟು ಹಿಂದೆ ಸರಿದರು. ಕಾಗೆ ಮುಟ್ಟಿದರೆ ಸತ್ತವನಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ನಮ್ಮ ಕಡೆ ನಂಬಿಕೆ. ಹೊಂಗೆ ಮರದಲ್ಲಿ ಒಂದು ಕಾಗೆ ಕೂತಿತ್ತು. ಇಳಿಯಲಿಲ್ಲ.

"ನಿಮ್ಮವ್ವನ್ನ ನಾವ್ ನೋಡ್ಕೋತೀವಿ ಕಣಪ್ಪಾ, ಬಂದ್ ತಿನ್ನು" ಎಂದು ಅವನ ಸೋದರಮಾವ ಮಾತು ಕೊಟ್ಟರು. ಕಾಗೆ ಕದಲಲಿಲ್ಲ. ಬಿಸಿಲು ಏರಿತು. "ಏನ್ ಮನ್ಸಲ್ಲಿಟ್ಕೊಂಡ್ ಹೋದ್ನೋ" ಎಂದು ಅಮ್ಮ ಮರದ ಕಡೆ ಕೈಮುಗಿದರು. ಆ ಮುಖ ನೋಡಲಾಗದೆ ನಾನು ಫೋನು ತೆಗೆದು ನಮ್ಮ ಬ್ಯಾಂಡಿನ ಹಾಡು ಹಾಕಿದೆ.

ಅಮ್ಮ ತಲೆಯಾಡಿಸಿದರು. "ಇದಲ್ಲ. ಅವನು ಹಾಡ್ತಿದ್ದದ್ದು."

ಅವನು ಹಾಡಿದ್ದು ಯಾವ ಫೋನಿನಲ್ಲೂ ಇರಲಿಲ್ಲ. ನಾಳೆಯೂ ಹಾಡುವವನೇ ತಾನೇ ಎಂದುಕೊಂಡು, ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂದು ಇಬ್ಬರಿಗೂ ತೋಚಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಹಾಡುವುದೆಂದರೆ ನನಗೆ ದೂರ, ಆದರೂ ಬಾಯಿ ತೆರೆದೆ. ಅವನ ಹಾಗೆಯೇ ನಿಧಾನವಾಗಿ, ಎಲ್ಲೆಲ್ಲೋ ದನಿ ಒಡೆದುಕೊಂಡು ಹಾಡಿದೆ. ಅಮ್ಮನ ತುಟಿಗಳೂ ಅಲುಗುತ್ತಿದ್ದವು. ಇಂಗ್ಲಿಷಿನ ಒಂದಕ್ಷರ ಬಾರದವರು, ಅವನು ಉಸಿರೆಳೆದುಕೊಳ್ಳುತ್ತಿದ್ದ ಕಡೆಯಲ್ಲೇ ಉಸಿರೆಳೆದುಕೊಂಡರು. ಅದನ್ನು ಕಂಡು ನನಗೆ ಅಳು ತಡೆಯಲಾಗಲಿಲ್ಲ.

ಹಾಡು ಮುಗಿಯುವಷ್ಟರಲ್ಲಿ ಕಾಗೆ ಹಾರಿಹೋಯಿತು. "ಎಡೇನ ಹಸೂಗೆ ಕೊಟ್ಬಿಡಾಣ, ಹೊತ್ತಾಯ್ತು" ಎಂದು ಮಾವ ಎಲೆ ಎತ್ತಿಕೊಂಡು ನಡೆದರು, ಜನ ಅವರ ಹಿಂದೆ ಹೊರಟರು. ಅಮ್ಮ ಮಾತ್ರ ನನ್ನ ಕೈ ಹಿಡಿದುಕೊಂಡು ಅಲ್ಲೇ ಕೂತರು.

"ಕಾಗೆ ಹೋದ್ರೆ ಹೋಗ್ಲಿ" ಎಂದರು. "ನೀನು ಇನ್ನೊಂದ್ಸಲ ಹಾಡಪ್ಪಾ."