ಅತ್ತೆಯ ಪಾಟ್ ರೋಸ್ಟ್, ಅವ್ವನ ತಟ್ಟೆ

ಜ್ವರ ಬಿಟ್ಟ ಮೇಲೂ ನಮ್ಮ ಅತ್ತೆಯ ನಾಲಿಗೆಗೆ ರುಚಿ ಬರಲಿಲ್ಲ. ಗಂಜಿ ಕೊಟ್ಟರೆ ಎರಡು ಚಮಚ ಕುಡಿದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಇಡ್ಲಿ ಬೇಡ, ಮೊಟ್ಟೆ ಬೇಡ, ಬ್ರೆಡ್ ಬೇಡ. ಕೊನೆಗೆ ಒಂದು ಸಂಜೆ ಅವರೇ ಮೆಲ್ಲಗೆ, "ಪಾಟ್ ರೋಸ್ಟ್ ಆಗಿದ್ರೆ ಒಂದು ತುಂಡು ತಿಂತಿದ್ನೇನೋ" ಎಂದರು. ನನ್ನ ಹೆಂಡತಿಯ ಮುಖ ಅರಳಿತು. ಶನಿವಾರ ಕೆಲಸದಿಂದ ಬರುವಾಗ ಮಾಂಸ ತಂದು ಫ್ರಿಜ್ಜಿನಲ್ಲಿಟ್ಟಳು. ಆದರೆ ಭಾನುವಾರ ಅವಳಿಗೆ ಡ್ಯೂಟಿ ಬಿತ್ತು. ಅವಳು ಬೇಲೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಅರಸೀಕೆರೆಯಿಂದ ಜಾವಗಲ್ಲು, ಹಳೇಬೀಡು ದಾಟಿಕೊಂಡು ಹೋಗುವ ಬಸ್ಸನ್ನು ಬೆಳಗ್ಗೆಯೇ ಹಿಡಿಯಬೇಕು. "ನೀವೇ ಮಾಡಿ, ಅಮ್ಮ ಹೇಳ್ಕೊಡ್ತಾರೆ" ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಅತ್ತೆ ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಕ್ರೈಸ್ತ ಹೆಣ್ಣುಮಗಳು. ನಾನು ಕಣಕಟ್ಟೆ ಕಡೆಯವನು, ರಾಗಿ ಹೊಲ, ನಾಲ್ಕು ತೆಂಗಿನ ಮರ, ಕೊಟ್ಟಿಗೆ ತುಂಬ ದನ ಇದ್ದ ಮನೆ. ಪರೀಕ್ಷೆಗೆ ಹೊರಡುವಾಗ ಅವ್ವ ನನ್ನಿಂದ ಹಸುವಿನ ಕಾಲು ಮುಟ್ಟಿಸಿ ಕಳಿಸುತ್ತಿದ್ದಳು. ಈ ಮದುವೆಗೆ ಅಪ್ಪನಿಗಿಂತ ಮೊದಲು ಒಪ್ಪಿದವಳೂ ಅವಳೇ. ಕೇಳಿದ್ದು ಒಂದೇ ಮಾತು: "ಅವ್ರು ಏನಾರ ತಿನ್ಲಿ, ಅವ್ರ ಬಾಯಿ, ಅವ್ರ ಹೊಟ್ಟೆ. ನೀನು ಮಾತ್ರ ಆ ದನದ ಮಾಂಸ್ದ ಪಾತ್ರೆ ಮುಟ್ಬ್ಯಾಡ ಕಣಪ್ಪ."

ಮದುವೆಯಾದ ವರ್ಷವೇ ಮುಟ್ಟಿದೆ. ತಿಂದೂಬಿಟ್ಟೆ. ರುಚಿಯಾಗಿತ್ತು, ಅದೇ ತೊಂದರೆಯಾಗಿದ್ದು. ಅಲ್ಲಿಂದೀಚೆಗೆ ಊರಿಗೆ ಹೋದಾಗಲೆಲ್ಲ ಕೊಟ್ಟಿಗೆಯ ಕಡೆ ನೋಡದೆ ನೇರ ಒಳಗೆ ನಡೆದುಬಿಡುತ್ತಿದ್ದೆ.

ಆ ಭಾನುವಾರ ಅತ್ತೆ ನಡುಮನೆಯ ಮಂಚದ ಮೇಲೆ ದಿಂಬಿಗೊರಗಿ ಕುಳಿತು ಒಂದೊಂದೇ ಹೇಳಿದರು, ನಾನು ಅಡುಗೆಮನೆಯಿಂದ ಕೂಗಿ ಕೂಗಿ ಕೇಳಿದೆ. ಮಾಂಸವನ್ನು ಕತ್ತರಿಸಬಾರದು, ಇಡೀ ಮುದ್ದೆಯನ್ನೇ ದಾರದಲ್ಲಿ ಬಿಗಿಯಾಗಿ ಕಟ್ಟಬೇಕು. ಉಪ್ಪು, ಕುಟ್ಟಿದ ಮೆಣಸು, ಒಂದಿಷ್ಟು ವಿನೆಗರ್ ಸವರಬೇಕು. ಕುಕ್ಕರಿನಲ್ಲಿ ಎಣ್ಣೆ ಕಾಯಿಸಿ ಎಲ್ಲ ಮಗ್ಗುಲೂ ಕಂದು ಬಣ್ಣ ಬರುವ ತನಕ ಹುರಿಯಬೇಕು. "ಅವಸರ ಮಾಡ್ಬೇಡ, ಆ ಬಣ್ಣದಲ್ಲೇ ಇರೋದು ರುಚಿಯೆಲ್ಲ" ಎಂದರು. ಆಮೇಲೆ ಈರುಳ್ಳಿ, ಚಕ್ಕೆ, ಲವಂಗ, ಒಂದೇ ಲೋಟ ನೀರು. ಅವರ ಅಮ್ಮ ಇದನ್ನು ಇದ್ದಿಲ ಒಲೆಯ ಮೇಲೆ ದಪ್ಪ ತಳದ ಪಾತ್ರೆಯಲ್ಲಿಟ್ಟು ಮಧ್ಯಾಹ್ನವೆಲ್ಲ ಬೇಯಿಸುತ್ತಿದ್ದರಂತೆ. "ಈಗ ಯಾರಿಗಿದೆ ಅಷ್ಟು ಪುರುಸೊತ್ತು, ಕುಕ್ಕರೇ ಸಾಕು" ಎಂದು ನಕ್ಕರು. ಎಷ್ಟೋ ದಿನಗಳ ಮೇಲೆ ಅವರು ನಕ್ಕಿದ್ದು.

ಮಾಂಸ ಬೆಂದ ಮೇಲೆ ಮುಚ್ಚಳ ತೆಗೆದು ಆಲೂಗೆಡ್ಡೆ, ಕ್ಯಾರೆಟ್ ಹಾಕಿ ಮತ್ತೆ ಮುಚ್ಚಿದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅವ್ವ. ಕಂಕುಳಲ್ಲಿ ರಾಗಿ ಹಿಟ್ಟಿನ ಚೀಲ, ಕೈಯಲ್ಲಿ ಎರಡು ತೆಂಗಿನಕಾಯಿ.

"ಬೀಗಿತ್ತಿಗೆ ಹುಷಾರಿಲ್ಲ ಅಂದ್ರು, ನೋಡ್ಕಂಡ್ ಹೋಗನ ಅಂತ ಬಂದೆ" ಎನ್ನುತ್ತ ಒಳಗೆ ಬಂದು ಅತ್ತೆಯ ಹಣೆ ಮುಟ್ಟಿ ನೋಡಿದಳು. ಕುಕ್ಕರ್ ಸೀಟಿ ಹಾಕಿತು. ಅವ್ವ ಮೂಗರಳಿಸಿದಳು.

"ಏನ್ಲಾ ಬೇಯ್ಸಿದ್ದೀಯ, ಘಂ ಅಂತೈತೆ?"

"ಕುರಿ ಮಾಂಸ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡರು.

"ಹಂಗಾರೆ ನಂಗೂ ಒಂದ್ ತುತ್ತು ಹಾಕು. ಬೆಳಗ್ಗೆ ಒಂದ್ ಲೋಟ ಕಾಪಿ ಕುಡ್ದಿದ್ದು ಅಷ್ಟೆ" ಎಂದಳು ಅವ್ವ.

ಖಾರ ಕಮ್ಮಿ ಅವ್ವ, ನಿಂಗೆ ಹಿಡಿಸಲ್ಲ ಎಂದೆ. ಮೊಟ್ಟೆ ಸಾರು ಮಾಡಿಕೊಡ್ತೀನಿ ಎಂದೆ. "ಮಾಡಿರೋದ್ನೇ ಬಡ್ಸೋ, ನಂಗೇನ್ ಹೊಸ್ದಾಗಿ ಮಾಡ್ತೀಯ" ಎಂದು ಕೈತೊಳೆದು ಬಂದು ನೆಲದ ಮೇಲೆ ಕುಳಿತಳು. ನಿಜ ಹೇಳಲು ಅದೇ ಸಮಯ. ಹೇಳಿದರೆ ಈ ಸುಳ್ಳಿನ ಜೊತೆ ಇಷ್ಟು ವರ್ಷದ್ದೆಲ್ಲ ಹೊರಬೀಳುತ್ತದೆ. ಹೇಳದಿದ್ದರೆ ಅವಳಿಗೆ ಎಂದೂ ಗೊತ್ತಾಗುವುದಿಲ್ಲ. ಹೀಗೆ ಲೆಕ್ಕ ಹಾಕುತ್ತಲೇ ನಾನು ಅನ್ನ ಬಡಿಸಿದೆ, ದಾರ ಬಿಚ್ಚಿ ತೆಳ್ಳಗೆ ಒಂದು ಹೋಳು ಕೊಯ್ದು ಅವಳ ತಟ್ಟೆಗಿಟ್ಟೆ, ಮೇಲೆ ರಸ ಬಿಟ್ಟೆ. ಅವ್ವ ಕಲಸತೊಡಗಿದಳು.

"ಬೀಗಿತ್ತಿಯವ್ರೇ, ತಿನ್ಬೇಡಿ" ಎಂದರು ಅತ್ತೆ. ಸಣ್ಣ ದನಿ, ಆದರೆ ಗಟ್ಟಿಯಾಗಿತ್ತು. "ಅದು ಕುರಿದಲ್ಲ. ನಾವು ತಿನ್ನೋದು ಅದು. ನಾನೇ ಕೇಳಿ ಮಾಡಿಸ್ಕೊಂಡೆ, ಅವನನ್ನ ಬೈಬೇಡಿ."

ಅವ್ವನ ಕೈ ತಟ್ಟೆಯಲ್ಲೇ ನಿಂತಿತು. ಅವಳು ತಟ್ಟೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಎದ್ದು ಬಚ್ಚಲಿಗೆ ಹೋದಳು. ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳಿಸಿತು. ಬಂದವಳು ಹೊಸ್ತಿಲ ಮೇಲೆ ಕುಳಿತಳು.

"ಹಸಿಂದೋ, ಎಮ್ಮೆದೋ?"

"ಎಮ್ಮೆದು" ಎಂದೆ.

"ನಮ್ಮನೇಲಿ ಒಂದು ಕುಂಟೆಮ್ಮೆ ಇತ್ತಲ್ಲ, ಗೆಪ್ತಿ ಐತಾ? ಹಾಲು ಬತ್ತಿದ್ಮ್ಯಾಲೆ ನಿಮ್ಮಪ್ಪ ಹಿಡ್ಕಂಡೋಗಿ ಮಾರ್ಕಂಡ್ ಬಂದ್ರು. ಎಲ್ಲಿಗೋಯ್ತು ಅಂತ ನಾನೂ ಕೇಳ್ಲಿಲ್ಲ. ಕೇಳುದ್ರೆ ಅವ್ರು ಹೇಳ್ಬುಡ್ತಾರೆ ಅಂತ ಹೆದ್ರಿ ಕೇಳ್ಲಿಲ್ಲ ಕಣೋ." ಸೆರಗಿನಿಂದ ಕೈ ಒರೆಸಿಕೊಂಡಳು. "ಅದಿರ್ಲಿ. ನಾನು ತಟ್ಟೆಗೆ ಕೈ ಹಾಕುದ್ಮ್ಯಾಲೂ ನೀನು ಸುಮ್ಕೆ ನಿಂತಿದ್ಯಲ್ಲ, ಅದ್ಯಾಕೆ ಅಂತ ಹೇಳು."

ಅತ್ತೆ ಬಾಯಿ ಬಿಡದಿದ್ದರೆ ನಾನು ಬಿಡುತ್ತಿದ್ದೆನೆ? ತುತ್ತು ಬಾಯಿಗೆ ಹೋಗುವ ಮೊದಲು ಖಂಡಿತ ತಡೆಯುತ್ತಿದ್ದೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಒಂದು ಸಲವೂ ನಂಬಿಕೆ ಬಂದಿಲ್ಲ.

"ಅವ್ರಿಗೆ ಬಡ್ಸು ಹೋಗು, ಆರೋಯ್ತದೆ" ಎಂದು ಅವ್ವ ರಸ್ತೆಯ ಕಡೆ ಮುಖ ಮಾಡಿದಳು.

ಬಡಿಸಿದೆ. ಅತ್ತೆ ಎರಡು ಹೋಳು ತಿಂದರು. ಮಾಂಸ ಬೆಣ್ಣೆಯಂತೆ ಬೆಂದಿತ್ತು. ಅವ್ವ ತಳ್ಳುಗಾಡಿಯವನ ಹತ್ತಿರ ಬಾಳೆಹಣ್ಣು ಕೊಂಡು ತಿಂದಳು. ಹೊರಡುವಾಗ ಅತ್ತೆಯ ಕೈ ಹಿಡಿದು, "ಹುಷಾರಾಗ್ರಿ, ನೀವು ದೊಡ್ಡವ್ರು" ಎಂದಳು. ಬಸ್ ಸ್ಟ್ಯಾಂಡಿನ ತನಕ ನಾನು ಜೊತೆಗೆ ನಡೆದೆ. ಖಾಲಿ ಚೀಲವನ್ನೂ ನನ್ನ ಕೈಗೆ ಕೊಡಲಿಲ್ಲ.

ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡಬಹುದು ಎಂಬ ಆಸೆ ಇತ್ತು. ಅವಳಿಗೆ ನೋವಾಗಿದ್ದು ಬೇರೆಯೇ. "ಅಮ್ಮನ ಎದುರಿಗೇ ಅಮ್ಮನ ಊಟವನ್ನ ಕುರಿ ಅಂದ್ರಾ? ಅಷ್ಟು ನಾಚಿಕೆನಾ ನಿಮಗೆ ನಮ್ಮದು?" ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಜ್ವರದಿಂದೆದ್ದ ಹೆಂಗಸು ಕಣ್ಣು ಮುಚ್ಚಿಕೊಂಡಿದ್ದು ಯಾಕೆಂದು ಆಗ ಅರ್ಥವಾಯಿತು.

ಅತ್ತೆ ನಿಧಾನವಾಗಿ ಚೇತರಿಸಿಕೊಂಡರು. ಈಗ ಅವರೂ ಅವ್ವನೂ ಫೋನಿನಲ್ಲಿ ಮಾತಾಡುತ್ತಾರೆ, ಮಂಡಿನೋವು, ಮಾತ್ರೆ, ಕಾಯಿ ರೇಟು. ಅವ್ವ ನನ್ನೊಡನೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಸಲೀಸಾಗಿರುತ್ತಿತ್ತು. ಮೊನ್ನೆ ಊರಿಗೆ ಹೋದಾಗ ಬಿಸಿ ಮುದ್ದೆ ಇಟ್ಟು, ಸಾರು ಬಿಡುವ ಮೊದಲು ಸೌಟನ್ನು ಹಾಗೇ ಹಿಡಿದು ನಿಂತಳು.

"ಕೋಳಿ ಕಣಪ್ಪ. ನಮ್ಮ ಹಟ್ಟೀದೆ" ಎಂದಳು.

ಏನು ಸಾರೆಂದು ನಾನು ಕೇಳಿರಲಿಲ್ಲ. ತಮಾಷೆಗೆ ಹೇಳಿದಳೋ ಏನೋ, ತುಟಿಯಂಚಿನಲ್ಲಿ ನಗುವಿದ್ದಂತಿತ್ತು. ನಾನು ತಲೆ ತಗ್ಗಿಸಿ ಉಣ್ಣತೊಡಗಿದೆ. ಅವಳು ಇನ್ನೊಂದು ಸೌಟು ಬಿಟ್ಟಳು.